ಮಕ್ಕಳ ಕೈಯ ಚಲಿಸುವ ಚಿತ್ರಕಥೆ

ಚಲಿಸುವ ಚಿತ್ರಗಳಿಂದ ಒಂದು ಕಿರುಗತೆಯನ್ನು ರಚಿಸಿ ತರುವ ಕೆಲಸವನ್ನು ಈಚೆಗೆ ವಿದ್ಯಾರ್ಥಿಗಳಿಗೆ ಒಪ್ಪಿಸುವುದುಂಟು. ಇದಕ್ಕೆ ಅನಿಮೇಷನ್ ಎಂದು ಹೆಸರು. ಕೆಲಸವು ಮನೆಗೆ ಬಂದೊಡನೆ ತಂದೆತಾಯಿಗಳಲ್ಲಿ ಕೆಲವರು ಕಂಪ್ಯೂಟರ್ ಅಂಗಡಿಯನ್ನು ಹುಡುಕುವರು; ಮತ್ತೆ ಕೆಲವರು, ಒಂದು ವಾಕ್ಯವನ್ನು ಬರೆದರೆ ಚಿತ್ರವನ್ನೇ ಸಿದ್ಧಮಾಡಿ ಕೊಡುವ ಯಂತ್ರಗಳ ಮೊರೆಹೋಗುವರು. ಕೆಲಸವೇನೋ ಮುಗಿಯುವುದು, ಆದರೆ ಅದರಲ್ಲಿ ಮಗುವಿನ ಪಾಲೆಷ್ಟು? ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳ ಸೀಮೆಯ ಗೃಹಸ್ಥರಂತೂ ಈ ವಿದ್ಯೆಗಾಗಿ ಅಂಗಡಿಗೆ ಹೋಗಬೇಕಾದುದಿಲ್ಲವೆಂಬುದನ್ನು ಈ ತಿಂಗಳು ವಾಚಕರ ಮುಂದಿಡಬಯಸುತ್ತೇವೆ.

ಮೊದಲು ಇದರ ತತ್ತ್ವವನ್ನು ನೋಡೋಣ. ವಾಸ್ತವವಾಗಿ ಇಲ್ಲಿ ಯಾವ ಚಿತ್ರವೂ ಚಲಿಸುವುದಿಲ್ಲ. ಒಂದಕ್ಕಿಂತ ಒಂದು ತುಸು ಬೇರೆಯಾದ ಚಿತ್ರಗಳು ವೇಗವಾಗಿ ಕಣ್ಮುಂದೆ ಸರಿದಾಗ ನಾವು ಅದನ್ನು ಚಲನೆಯೆಂದು ಗ್ರಹಿಸುತ್ತೇವೆ. ಸಿನಿಮಾದಲ್ಲಿ ಕ್ಷಣಕ್ಕೆ, ಅಂದರೆ ಒಂದು ಸೆಕೆಂಡಿಗೆ, 24 ಚಿತ್ರಗಳು ಹಾಯುತ್ತವೆ. ಕೈಯಿಂದ ಬರೆಯುವವರು ಪ್ರತಿಯೊಂದನ್ನೂ ಎರಡೆರಡು ಸಲ ತೋರಿಸಿ 12ರಲ್ಲಿಯೇ ನಿರ್ವಹಿಸುವುದುಂಟು. ಆದರೂ ಒಂದು ನಿಮಿಷದ ಕಥೆಗೆ 720 ಚಿತ್ರಗಳು ಬೇಕು. ಮಕ್ಕಳಿಗೆ ಸೆಕೆಂಡಿಗೆ 8 ಸಾಕು. ಅರ್ಧ ನಿಮಿಷಕ್ಕೆ 240 ಆದುವು. ಈ ಲೆಕ್ಕವನ್ನು ಮಗುವೇ ಹಾಕಲಿ. ಕಥೆಯು ಏಕೆ ಚಿಕ್ಕದಾಗಿರಬೇಕೆಂಬುದು ಆಗ ತಾನಾಗಿಯೇ ಮನದಟ್ಟಾಗುವುದು.

ಕಥೆಯನ್ನು ಚಿತ್ರಗಳಾಗಿ ಒಡೆಯುವ ಬಗೆಯನ್ನು ಕಲಿಯಲು ಹಂಪಿಯ ಹಜಾರರಾಮನ ಗುಡಿಗಿಂತ ಒಳ್ಳೆಯ ಪಾಠಶಾಲೆಯಿಲ್ಲ. 15ನೆಯ ಶತಮಾನದ ಈ ಗುಡಿಯ ಗೋಡೆಗಳ ಮೇಲೆ ರಾಮಾಯಣವು ಮೂರು ಸಾಲುಗಳಲ್ಲಿ ಕೆತ್ತಲ್ಪಟ್ಟಿದೆ. ಪ್ರದಕ್ಷಿಣೆ ಮಾಡುತ್ತ ಹೋದಂತೆ ಕಥೆಯು ಮುಂದುವರಿಯುತ್ತದೆ. ಶಿಲ್ಪಿಯು ಯಾವ ಪ್ರಸಂಗವನ್ನು ಹಿಡಿದನು, ಯಾವುದನ್ನು ಬಿಟ್ಟನು ಎಂದು ಮಕ್ಕಳನ್ನು ಕೇಳಬೇಕು. ಅಲ್ಲಿಂದ ವಿರೂಪಾಕ್ಷನ ಗುಡಿಗೆ ಹೋದರೆ, ಕಿರಿದಾದ ಕಿಂಡಿಯಿಂದ ಬಂದ ಬೆಳಕು ರಾಜಗೋಪುರದ ನೆರಳನ್ನು ಒಳಗಿನ ಗೋಡೆಯ ಮೇಲೆ ತಲೆಕೆಳಗಾಗಿ ಮೂಡಿಸುವುದನ್ನು ಕಾಣಬಹುದು. ಕ್ಯಾಮೆರಾದ ಮೂಲತತ್ತ್ವವೂ ಇದೇ.

ಇನ್ನು ಪಾತ್ರಗಳು. ಪ್ರತಿ ಚಿತ್ರವನ್ನೂ ಹೊಸದಾಗಿ ಬರೆಯುವುದು ಮಕ್ಕಳಿಗೆ ಶ್ರಮ. ಇದಕ್ಕೆ ಉಪಾಯವು ನಮ್ಮ ತೊಗಲುಗೊಂಬೆಯಾಟದಲ್ಲಿಯೇ ಇದೆ. ರಟ್ಟಿನಲ್ಲಿ ತಲೆ, ಮುಂಡ, ಕೈಕಾಲುಗಳನ್ನು ಬೇರೆಬೇರೆಯಾಗಿ ಕತ್ತರಿಸಿ ದಾರದ ಗಂಟಿನಿಂದ ಕೀಲು ಕೂಡಿಸಿದರೆ ಒಂದೇ ಗೊಂಬೆಯು ಕಥೆಯ ಕೊನೆಯವರೆಗೂ ನಡೆಯುವುದು. ಜರ್ಮನಿಯ ಲೋಟೆ ರೈನಿಗರ್ ಎಂಬ ಮಹಿಳೆಯು ಇಂಥ ಕಪ್ಪು ರಟ್ಟಿನ ಗೊಂಬೆಗಳಿಂದಲೇ 1926ರಲ್ಲಿ ಒಂದು ಗಂಟೆಗೂ ಮಿಕ್ಕ ಚಿತ್ರವನ್ನು ಹೊರತಂದಳು. ಅದಕ್ಕೆ ಸುಮಾರು ಮೂರು ವರ್ಷ ಹಿಡಿಯಿತು. ನೆರೆಯ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ತೊಗಲುಗೊಂಬೆಯಾಟಕ್ಕಾಗಿ 2025ರಲ್ಲಿ ಪದ್ಮಶ್ರೀ ಪ್ರಶಸ್ತಿಯು ಸಂದಿತು. ಗೊಂಬೆರಾಮರ ಮೇಳವೊಂದನ್ನು ಊರಿಗೆ ಕರೆಸಿ, ತಕ್ಕ ಸಂಭಾವನೆಯನ್ನಿತ್ತು, ಮಕ್ಕಳನ್ನು ಪರದೆಯ ಹಿಂದೆಯೂ ಕೂಡಿಸಿದರೆ ಅವರು ಕಲಿಯುವುದು ಬಹಳ.

ಕಥೆಗೆ ಕೊರತೆಯಿಲ್ಲ. ಹೊಸಪೇಟೆಯ ಮಗುವು ತುಂಗಭದ್ರೆಯಲ್ಲಿ ತಿರುಗುವ ಹರಿಗೋಲನ್ನು ತೆಗೆದುಕೊಳ್ಳಲಿ. ಒಂದು ದುಂಡುರಟ್ಟು ಸಾಕು. ಸಂಡೂರಿನವರು ಲಂಬಾಣಿ ಕಸೂತಿಯ ಬಟ್ಟೆಯನ್ನೇ ಹಿನ್ನೆಲೆಯಾಗಿ ಹಾಸಬಹುದು. ಕಂಪ್ಲಿಯವರಿಗೆ ಕುಮಾರರಾಮನಿದ್ದಾನೆ. ಅವನ ಕಥೆಯೆಲ್ಲವೂ ಅರ್ಧ ನಿಮಿಷಕ್ಕೆ ಹಿಡಿಯದು. ಆದರೆ ಅವನಾಡಿದ ಚೆಂಡು ಹಿಡಿದೀತು. ಚೆಂಡಿನ ನೆಗೆತವೇ ಈ ವಿದ್ಯೆಯ ಓಂಕಾರ. ತುದಿಯಿಂದ ಬೀಳುವ ಚೆಂಡು ಮೊದಲ ಚಿತ್ರಕ್ಕೆ 1 ಸೆಂಟಿಮೀಟರ್ ಇಳಿದರೆ ಮುಂದೆ 3, 5, 7 ಹೀಗೆ ಇಳಿಯಬೇಕು. ಏಳುವಾಗ ಇದೇ ಲೆಕ್ಕ ಹಿಂದುಮುಂದು. ಎಲ್ಲೆಡೆಯೂ ಸಮಾನ ಅಂತರವಿಟ್ಟರೆ ಚೆಂಡಿಗೆ ಭಾರವೇ ಇಲ್ಲದಂತೆ ತೋರುವುದು.

ಸಲಕರಣೆಯೂ ಅಲ್ಪವೇ. ಮೊಬೈಲನ್ನು ಎರಡು ಪುಸ್ತಕದ ರಾಶಿಗಳ ನಡುವೆ ಕೆಳಮುಖವಾಗಿ ಅಲುಗದಂತೆ ಇಡಬೇಕು. ಕಿಟಕಿಯ ಬಿಸಿಲು ಗಳಿಗೆಗೊಮ್ಮೆ ಬದಲಾಗುವುದರಿಂದ ಕಿಟಕಿಯನ್ನು ಮುಚ್ಚಿ ಒಂದೇ ದೀಪವನ್ನು ಉರಿಸತಕ್ಕದ್ದು. ಗೊಂಬೆಯನ್ನು ತುಸುವೇ ಸರಿಸಿ, ಕೈಯನ್ನು ಹೊರತೆಗೆದು, ಒಂದು ಚಿತ್ರ. ಮತ್ತೆ ಸರಿಸಿ, ಮತ್ತೊಂದು.

ಹಿರಿಯರ ಪಾಲಿಗಿರುವ ಕೆಲಸವು ಎಣಿಕೆಯನ್ನು ಬರೆದಿಡುವುದು ಮತ್ತು ಕೇಳಿದಾಗ ಮಾತ್ರ ಸಲಹೆ ಕೊಡುವುದು. ಮಗುವಿನ ಗೊಂಬೆಯು ಕುಂಟಬಹುದು. ಆಗ ಕತ್ತರಿಯನ್ನು ಕಿತ್ತುಕೊಳ್ಳದೆ, ಎದ್ದು ನಾಲ್ಕು ಹೆಜ್ಜೆ ನಡೆದು ತೋರಿಸಿರಿ. ಕಾಲು ಹೇಗೆ ಮಡಿಯುತ್ತದೆಂದು ಅದು ನೋಡಿ, ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳಲಿ. ಅಂಗಡಿಯಿಂದ ತಂದ ಚಿತ್ರಕ್ಕೆ ಹೆಚ್ಚು ಅಂಕಗಳು ಬಂದಾವು. ಆದರೆ ಹೀಗೆ ನೋಡಿ ಕಲಿತದ್ದು ಆ ಮಗುವಿಗೆ ಎಂದೆಂದಿಗೂ ಉಳಿಯುವುದೆಂದು ನಾವು ನಂಬುತ್ತೇವೆ.