ಉಂಡ ಮನೆಯ ಜಂತೆ

“ಉಂಡ ಮನೆಯ ಜಂತೆ ಎಣಿಸಬಾರದು” ಎಂಬ ಗಾದೆಯನ್ನು ಅರಿಯದ ಕನ್ನಡಿಗರಿಲ್ಲ. ಅನ್ನವಿಕ್ಕಿದವರ ಕುಂದುಕೊರತೆಗಳನ್ನು ಹೊರಗೆ ಹೋಗಿ ಆಡಿಕೊಳ್ಳುವುದು ಕೃತಘ್ನತೆಯೆಂಬುದು ಅದರ ತಾತ್ಪರ್ಯ. ಅತಿಥಿಗೆ ಹೇಳಿದ ನೀತಿಯಾಗಿ ಇದು ಸರಿಯಾದದ್ದೇ. ಆದರೆ ಈಚೆಗೆ ಇದನ್ನು ನೌಕರನ ತಲೆಯ ಮೇಲೆ ಹೊರಿಸುತ್ತಿದ್ದಾರೆ. ಸಂಬಳ ಪಡೆಯತಕ್ಕವನು ಸಾಮಾಜಿಕ ಜಾಲತಾಣಗಳಲ್ಲಿ ಲೋಕವ್ಯವಹಾರವನ್ನು ಕುರಿತು ಬಾಯಿ ತೆರೆಯಕೂಡದೆಂದೂ, ತೆರೆದರೆ ಯಜಮಾನನು ಕರೆಸಿ ಕೇಳುವುದು ನ್ಯಾಯವೆಂದೂ ವಿದ್ಯಾವಂತರೇ ವಾದಿಸತೊಡಗಿದ್ದಾರೆ. ಈ ವಾದದಲ್ಲಿ ಹುರುಳೆಷ್ಟೆಂಬುದನ್ನು ಇಲ್ಲಿ ವಿಚಾರಮಾಡೋಣ.

ನಮ್ಮ ಬೀದಿಯ ಹೆಣ್ಣುಮಗಳೊಬ್ಬರು ಖಾಸಗಿ ಶಾಲೆಯೊಂದರಲ್ಲಿ ಉಪಾಧ್ಯಾಯಿನಿ. ಕಳೆದ ಬೇಸಗೆಯಲ್ಲಿ ಹನ್ನೆರಡು ದಿನ ನಲ್ಲಿಯಲ್ಲಿ ನೀರು ಬಾರದಿರಲು, ಆಕೆ ಆ ಸಂಗತಿಯನ್ನು ಫೇಸ್‌ಬುಕ್ಕಿನಲ್ಲಿ ನಾಲ್ಕು ವಾಕ್ಯಗಳಲ್ಲಿ ಬರೆದು, ಪುರಸಭೆಯವರು ಟ್ಯಾಂಕರಿನ ಲೆಕ್ಕವನ್ನು ಪ್ರಕಟಿಸಬೇಕೆಂದು ಕೇಳಿದರು. ಅದರಲ್ಲಿ ಬೈಗುಳವಿರಲಿಲ್ಲ, ಶಾಲೆಯ ಹೆಸರೂ ಇರಲಿಲ್ಲ. ಮೂರನೆಯ ದಿನ ಆಡಳಿತ ಮಂಡಲಿಯವರು ಆಕೆಯನ್ನು ಕರೆಸಿ, ಆ ಬರಹವನ್ನು ಅಳಿಸಬೇಕೆಂದೂ, ಮುಂದೆ ಹೀಗೆ ಬರೆಯುವುದಿಲ್ಲವೆಂದು ಮುಚ್ಚಳಿಕೆ ಕೊಡಬೇಕೆಂದೂ ಹೇಳಿದರು. ಮನೆಯಲ್ಲಿ ಹಾಸಿಗೆ ಹಿಡಿದ ತಂದೆ, ಕಾಲೇಜಿನಲ್ಲಿ ಓದುವ ತಮ್ಮ. ಆಕೆ ಕೊಡದೆ ಏನು ಮಾಡಿಯಾರು? ಎರಡು ವರ್ಷಗಳಿಂದ ನಮ್ಮ ಸಂಘದ ಪತ್ರಿಕೆಗೆ ಪ್ರಬಂಧಗಳನ್ನು ಕೊಡುತ್ತಿದ್ದವರು ಅನಂತರ ಒಂದನ್ನೂ ಕೊಟ್ಟಿಲ್ಲ. ಕಾರಣ ಕೇಳಿದರೆ, “ಯಾವ ಮಾತು ಯಾರಿಗೆ ಹೇಗೆ ಕಾಣುವುದೋ ಹೇಳಬರುವುದಿಲ್ಲ, ರಾಯರೇ” ಎಂದರು.

ಈಗ ಗಾದೆಗೆ ಬರೋಣ. ಸಂಬಳವೆಂಬುದು ಇಕ್ಕಿದ ಊಟವಲ್ಲ, ದುಡಿಮೆಯ ಬೆಲೆ. ತಿಂಗಳ ಕೊನೆಯಲ್ಲಿ ಕೆಲಸವೂ ಸಂದಿತು, ಹಣವೂ ಸಂದಿತು. ಉಪಕಾರದ ಋಣ ಯಾವ ಕಡೆಗೂ ಉಳಿಯಲಿಲ್ಲ. ಅದೂ ಅಲ್ಲದೆ, ಆಕೆ ಎಣಿಸಿದ್ದು ಶಾಲೆಯ ಜಂತೆಯನ್ನಲ್ಲ, ತಾನೇ ತೆರಿಗೆ ಕೊಡುವ ಪುರಸಭೆಯ ಜಂತೆಯನ್ನು. ಪರರ ಮನೆಯೊಳಗೆ ಇಣಿಕಿ ಜಂತೆ ಎಣಿಸಿದವರು ಯಾರಾದರೂ ಇದ್ದರೆ ಅದು ಯಜಮಾನರೇ.

ಮಾತಿನ ಸ್ವಾತಂತ್ರ್ಯದ ಹಳೆಯ ಜಗಳವೆಲ್ಲ ಸರ್ಕಾರದೊಡನೆ ನಡೆದದ್ದು. ಮೈಸೂರು ಸಂಸ್ಥಾನದಲ್ಲಿ 1908ರಲ್ಲಿ ಪತ್ರಿಕೆಗಳಿಗೆ ಕಡಿವಾಣ ಹಾಕುವ ಶಾಸನ ಬಂದದ್ದನ್ನು ಹಿರಿಯರಿಂದ ಕೇಳಿದ್ದೇವೆ. ನಮ್ಮ ಕಾಲದಲ್ಲಿಯೂ ಮಾಹಿತಿ ತಂತ್ರಜ್ಞಾನ ಶಾಸನದ 66ಎ ವಿಧಿಯು, ಕಿರಿಕಿರಿಯುಂಟುಮಾಡುವ ಸಂದೇಶಕ್ಕೂ ಸೆರೆಮನೆಯನ್ನು ತೋರಿಸುತ್ತಿತ್ತು. ಸರ್ವೋಚ್ಚ ನ್ಯಾಯಾಲಯವು 2015ರ ಮಾರ್ಚ್ 24ರಂದು ಅದನ್ನು ರದ್ದುಗೊಳಿಸಿತು. ನಾವೆಲ್ಲ ಸಂತೋಷಪಟ್ಟೆವು. ಆದರೆ ಸರ್ಕಾರದಿಂದ ಬಿಡಿಸಿಕೊಂಡ ಬೀಗದ ಕೈ ಯಜಮಾನನ ಸೊಂಟವನ್ನು ಸೇರಿದ್ದನ್ನು ಗಮನಿಸಲಿಲ್ಲ. ಸೆರೆಮನೆಗೆ ಅಂಜುವವರು ಕೆಲವರು. ಕೆಲಸ ಹೋದೀತೆಂದು ಅಂಜದವರು ಯಾರು?

ಸರ್ಕಾರಿ ನೌಕರನಿಗೆ ನಡತೆಯ ನಿಯಮಗಳುಂಟು. ಕೇಂದ್ರ ಸರ್ಕಾರದ 1964ರ ನಿಯಮಾವಳಿಯು ಸರ್ಕಾರವನ್ನು ಟೀಕಿಸುವುದನ್ನೇ ನಿರ್ಬಂಧಿಸುತ್ತದೆ. ಆದರೂ ನೌಕರಿಗೆ ಸೇರಿದಮಾತ್ರಕ್ಕೆ ಮೂಲಭೂತ ಹಕ್ಕುಗಳು ಕಳೆದುಹೋಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1962ರಲ್ಲಿಯೇ, ಕಾಮೇಶ್ವರ ಪ್ರಸಾದರ ಮೊಕದ್ದಮೆಯಲ್ಲಿ, ತೀರ್ಮಾನಿಸಿತು. ತ್ರಿಪುರಾದಲ್ಲಿ ನಿವೃತ್ತಿಗೆ ಕೆಲವೇ ದಿನಗಳಿದ್ದ ನೌಕರಿಣಿಯೊಬ್ಬರನ್ನು, ರಾಜಕೀಯ ಸಭೆಗೆ ಹೋದರು, ಫೇಸ್‌ಬುಕ್ಕಿನಲ್ಲಿ ಬರೆದರು ಎಂಬ ಕಾರಣಕ್ಕೆ ಅಮಾನತಿನಲ್ಲಿಟ್ಟರು. 2020ರ ಜನವರಿಯಲ್ಲಿ ಅಲ್ಲಿಯ ಉಚ್ಚ ನ್ಯಾಯಾಲಯವು, ನಿಯಮಗಳ ಮೇರೆಯೊಳಗೆ ಅಭಿಪ್ರಾಯವನ್ನು ಹೇಳುವ ಹಕ್ಕು ಸರ್ಕಾರಿ ನೌಕರರಿಗೂ ಉಂಟೆಂದು ಹೇಳಿ, ಆರೋಪಪಟ್ಟಿಯನ್ನು ತಳ್ಳಿಹಾಕಿತು.

ಖಾಸಗಿ ನೌಕರನಿಗೆ ಇಷ್ಟು ಆಸರೆಯೂ ಇಲ್ಲ. ಸಂವಿಧಾನದ 19ನೆಯ ವಿಧಿಯು ಮುಖ್ಯವಾಗಿ ಪ್ರಭುತ್ವದ ಕೈಯನ್ನು ತಡೆಯಲು ಹುಟ್ಟಿದ್ದು. ಆ ಹಕ್ಕನ್ನು ಖಾಸಗಿಯವರ ವಿರುದ್ಧವೂ ಸಾಧಿಸಬಹುದೆಂದು 2023ರ ಜನವರಿಯಲ್ಲಿ ಸಂವಿಧಾನ ಪೀಠದ ಬಹುಮತವು ಹೇಳಿದ್ದರೂ, ಆ ಮಾತು ತಿಂಗಳ ಸಂಬಳದವನ ಕರಾರುಪತ್ರಕ್ಕೆ ಇಳಿದುಬರಲು ಇನ್ನೂ ದೂರವಿದೆ.

ಇನ್ನು ಪ್ರತಿಪಕ್ಷದವರ ಆಕ್ಷೇಪಗಳನ್ನು ನೋಡೋಣ. “ಕರಾರಿಗೆ ಸಹಿ ಹಾಕಿದ್ದಾನೆ, ಬೇಡವಾದರೆ ಕೆಲಸ ಬಿಡಲಿ” ಎಂಬುದು ಮೊದಲನೆಯದು. 1892ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ನ್ಯಾಯಾಲಯವೂ ಹೀಗೆಯೇ, ಪೊಲೀಸಿನವನಿಗೆ ರಾಜಕೀಯವನ್ನಾಡುವ ಹಕ್ಕು ಇದ್ದೀತು, ಪೊಲೀಸನಾಗಿರುವ ಹಕ್ಕಿಲ್ಲ ಎಂಬರ್ಥದ ತೀರ್ಪನ್ನು ಕೊಟ್ಟಿತ್ತು. ಆದರೆ 1968ರಲ್ಲಿ, ಶಾಲಾ ಮಂಡಲಿಯ ಹಣಕಾಸನ್ನು ಟೀಕಿಸಿ ಪತ್ರಿಕೆಗೆ ಕಾಗದ ಬರೆದು ಕೆಲಸ ಕಳೆದುಕೊಂಡ ಪಿಕರಿಂಗ್ ಎಂಬ ಉಪಾಧ್ಯಾಯನ ಪಕ್ಷವನ್ನು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಎತ್ತಿಹಿಡಿಯಿತು. ಶಾಲೆಯ ಹಣ ಹೇಗೆ ಖರ್ಚಾಗಬೇಕೆಂಬುದನ್ನು ಉಪಾಧ್ಯಾಯನೇ ಹೇಳದಿದ್ದರೆ ಬಲ್ಲವರು ಬೇರೆ ಯಾರು ಹೇಳಬೇಕು? ಅದು ಸರ್ಕಾರಿ ಶಾಲೆಯ ಮಾತು, ನಿಜ. ಆದರೆ ಅದರೊಳಗಿನ ನ್ಯಾಯ ಖಾಸಗಿ ಶಾಲೆಯ ಬಾಗಿಲಲ್ಲಿ ನಿಂತುಹೋಗತಕ್ಕದ್ದೇನಲ್ಲ.

“ಸಂಸ್ಥೆಯ ಮಾನ ಹೋಗುತ್ತದೆ” ಎಂಬುದು ಎರಡನೆಯ ಆಕ್ಷೇಪ. ಇದರಲ್ಲಿ ಸ್ವಲ್ಪ ಸತ್ಯವುಂಟು. ರೋಗಿಯ ಗುಟ್ಟನ್ನು ಬಯಲುಮಾಡುವ ವೈದ್ಯನನ್ನೂ, ವ್ಯಾಪಾರದ ರಹಸ್ಯವನ್ನು ಹೊರಗೆಡಹುವ ಗುಮಾಸ್ತನನ್ನೂ, ವಿದ್ಯಾರ್ಥಿಗಳನ್ನು ಜಾತಿ ಹಿಡಿದು ಹಳಿಯುವ ಉಪಾಧ್ಯಾಯನನ್ನೂ ಕೇಳುವ ಅಧಿಕಾರ ಯಜಮಾನನಿಗೆ ಇರಬೇಕಾದದ್ದೇ; ಅಲ್ಲಿ ಕೆಲಸಕ್ಕೇ ಕೇಡಾಗುತ್ತದೆ. ಆದರೆ ನೀರು ಬರಲಿಲ್ಲವೆಂದರೆ ಪಾಠಕ್ಕೆ ಬಂದ ಕೇಡೇನು? ಹಾನಿಯನ್ನು ತೋರಿಸಲಾರದವನು ಮಾನದ ಹೆಸರನ್ನು ಮುಂದೊಡ್ಡುತ್ತಾನೆ.

ಸಾಹಿತ್ಯ ಸಂಘದವರಾದ ನಾವು ಮರೆಯಬಾರದ ಸಂಗತಿ ಇನ್ನೊಂದಿದೆ. ನಮ್ಮ ನವೋದಯ ಸಾಹಿತ್ಯದ ಬಹುಭಾಗವು ಸಂಬಳಗಾರರ ಲೇಖನಿಯಿಂದ ಬಂದದ್ದು. ಮಾಸ್ತಿಯವರು ಮೈಸೂರು ಸಿವಿಲ್ ಸರ್ವೀಸಿನವರು, ಬಿ. ಎಂ. ಶ್ರೀಕಂಠಯ್ಯನವರೂ ಕುವೆಂಪು ಅವರೂ ಕಾಲೇಜಿನ ಅಧ್ಯಾಪಕರು. ಅವರ ಒಂದೊಂದು ಪಂಕ್ತಿಯೂ ಮೇಲಧಿಕಾರಿಯ ಮೇಜಿನ ಮೇಲೆ ಹಾದುಬರಬೇಕಾಗಿದ್ದರೆ ನಮ್ಮ ಕಪಾಟುಗಳಲ್ಲಿ ಏನು ಉಳಿಯುತ್ತಿತ್ತು?

ಆದ್ದರಿಂದ ನಾವು ಕೇಳತಕ್ಕದ್ದು ಹೆಚ್ಚೇನಲ್ಲ. ಯಾವುದನ್ನು ಬರೆಯಕೂಡದೆಂಬುದನ್ನು ಮೊದಲೇ ಲಿಖಿತವಾಗಿ ತಿಳಿಸಲಿ. ತಪ್ಪು ಕಂಡರೆ ಯಾವ ವಾಕ್ಯದಿಂದ ಯಾವ ಹಾನಿಯಾಯಿತೆಂದು ಹೇಳಿ, ನೌಕರನ ಉತ್ತರವನ್ನು ಕೇಳಲಿ. ಖಾಸಗಿ ಖಾತೆಯ ಪಾಸ್‌ವರ್ಡನ್ನು ಕೇಳದಿರಲಿ. ಅಮೆರಿಕದ ಮೇರಿಲ್ಯಾಂಡ್ ರಾಜ್ಯವು 2012ರಲ್ಲಿಯೇ ಶಾಸನದಿಂದ ಅದನ್ನು ನಿಷೇಧಿಸಿದೆ. ಖಾಸಗಿತನವು ಮೂಲಭೂತ ಹಕ್ಕೆಂಬ 2017ರ ತೀರ್ಪನ್ನು ದೇಶಕ್ಕೆ ದೊರಕಿಸಿದ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು. ಅವರ ನಾಡಿನಲ್ಲಿಯೇ ಮುಚ್ಚಳಿಕೆಯ ಪದ್ಧತಿ ಬೆಳೆಯುವುದು ನಮಗೆ ಶೋಭಿಸದು.

ಈ ಪತ್ರಿಕೆಯ ವಾಚಕರಲ್ಲಿ ಶಾಲೆಗಳ ಆಡಳಿತ ಮಂಡಲಿಗಳವರೂ, ಕಾರ್ಖಾನೆಗಳ ಯಜಮಾನರೂ ಇದ್ದಾರೆ. ಅವರಲ್ಲಿ ನನ್ನದು ಒಂದೇ ಬಿನ್ನಹ: ಮುಂದೆ ಯಾರಿಂದಲಾದರೂ ಮುಚ್ಚಳಿಕೆ ಬರೆಸಿಕೊಳ್ಳುವ ಮೊದಲು, ಆ ಕಾಗದವನ್ನು ತಮ್ಮ ಮಗಳು ಬರೆದುಕೊಡುತ್ತಿರುವಳೆಂದು ಒಂದು ಕ್ಷಣ ಭಾವಿಸಿ ನೋಡಲಿ. ನಮ್ಮ ಬೀದಿಯ ನಲ್ಲಿಯಲ್ಲಿ ಈಗ ನೀರು ಬರುತ್ತಿದೆ. ಟ್ಯಾಂಕರಿನ ಲೆಕ್ಕ ಮಾತ್ರ ಇನ್ನೂ ಬಂದಿಲ್ಲ. ಅದನ್ನು ಕೇಳುವವರೂ ಈಗ ಇಲ್ಲ.