ವ್ಯಾನಿನ ಆಲ್ಟರ್ನೇಟರ್: ದರಪಟ್ಟಿ ಪೂರ್ಣವಾಗಿರಲಿ

ಪ್ರವಾಸಿ ಹಾಗೂ ಸರಕು ವ್ಯಾನುಗಳಿಗೆ ಹೆಚ್ಚುವರಿ ದೀಪ, ಟಿ.ವಿ., ಇನ್ವರ್ಟರ್, ಶೀತಲ ಪೆಟ್ಟಿಗೆಗಳನ್ನು ಅಳವಡಿಸುವುದು ಸಾಮಾನ್ಯವಾಗಿದೆ. ಬ್ಯಾಟರಿ ಪದೇ ಪದೇ ಇಳಿಯತೊಡಗಿದಾಗ ಮಾಲೀಕರು ಹೆಚ್ಚು ಆಂಪಿಯರಿನ ಆಲ್ಟರ್ನೇಟರ್ ಹಾಕಿಸಲು ಮುಂದಾಗುತ್ತಾರೆ. ಅದಕ್ಕೂ ಮೊದಲು ಸಡಿಲಗೊಂಡ ಬೆಲ್ಟ್, ತುಕ್ಕು ಹಿಡಿದ ಅರ್ತ್ ಹಾಗೂ ಹಳೆಯ ಬ್ಯಾಟರಿಯನ್ನು ಪರೀಕ್ಷಿಸುವುದು ವಿವೇಕ.

14 ವೋಲ್ಟಿನಲ್ಲಿ 90 ಆಂಪಿಯರ್ ಎಂದರೆ 1,260 ವ್ಯಾಟ್. 150 ಆಂಪಿಯರ್ ಎಂದರೆ 2,100 ವ್ಯಾಟ್. ಆದರೆ ಈ ಪ್ರಮಾಣ ದೊರೆಯುವುದು ಎಂಜಿನ್ ಸಾಕಷ್ಟು ವೇಗದಲ್ಲಿ ತಿರುಗುವಾಗ ಮಾತ್ರ. ನಿಲುಗಡೆಯಲ್ಲೇ ಎಂಜಿನ್ ಚಾಲೂ ಇಡುವ ವ್ಯಾನಿಗೆ ಐಡ್ಲಿಂಗ್ ವೇಗದಲ್ಲಿ ದೊರೆಯುವ ಆಂಪಿಯರೇ ಮುಖ್ಯ. ಹಳೆಯ ಕೇಬಲನ್ನೇ ಉಳಿಸಿಕೊಂಡರೆ ಅದು ಕಾದು ಬೆಂಕಿಗೆ ಎಡೆಯಾಗಬಹುದು. ವಿದ್ಯುತ್ ಬಳಕೆ ಹೆಚ್ಚಿದಂತೆ ಎಂಜಿನ್ನಿನ ಮೇಲಿನ ಹೊರೆಯೂ ಇಂಧನ ವೆಚ್ಚವೂ ಏರುತ್ತವೆ.

ಆದುದರಿಂದ ಆಲ್ಟರ್ನೇಟರಿನ ಬೆಲೆಯೊಂದನ್ನೇ ತೋರಿಸುವ ದರಪಟ್ಟಿ ಅಪೂರ್ಣವೆಂದೇ ನಮ್ಮ ಅಭಿಪ್ರಾಯ. ತಕ್ಕ ದಪ್ಪದ ಕೇಬಲ್, ಫ್ಯೂಸ್, ಅರ್ತ್, ಬೆಲ್ಟ್ ಹಾಗೂ ಐಡ್ಲಿಂಗ್ ಆಂಪಿಯರಿನ ವಿವರ ಅದರಲ್ಲಿರಬೇಕು. ವಾರಂಟಿ ಮತ್ತು ವಿಮೆಯ ಷರತ್ತುಗಳನ್ನೂ ಮೊದಲೇ ವಿಚಾರಿಸಬೇಕು. ಇಂತಹ ದರಪಟ್ಟಿಯನ್ನು ಮಾಲೀಕರು ಕೇಳಿ ಪಡೆಯಲಿ, ವರ್ತಕರು ಕೇಳುವ ಮೊದಲೇ ನೀಡಲಿ. ವ್ಯಾಪಾರದ ವಿಶ್ವಾಸ ಉಳಿಯುವುದು ಹೀಗೆಯೇ.