ಬ್ರೌಸರಿಗೆ ಕನ್ನಡ ಬರುತ್ತೆ, ಬ್ಯಾಂಕಿಗೆ ಯಾಕೆ ಬರಲ್ಲ?

ಬ್ಯಾಂಕಿನಲ್ಲಿ ಕನ್ನಡ ಕೇಳಿದರೆ "ಸಿಸ್ಟಮ್‌ನಲ್ಲಿ ಇಲ್ಲ" ಅಂತಾರೆ. ಕೌಂಟರಿನ ಒಳಗೆ ಕೂರುವ ನಾವೇ ಹೇಳ್ತೀವಿ, ಆ ಮಾತು ಈಗ ನಿಲ್ಲಲ್ಲ. ಹಿಂದೆ ಸಾಫ್ಟ್‌ವೇರ್ ಆಯಾ ಶಾಖೆಯ ಕಂಪ್ಯೂಟರಿನಲ್ಲೇ ಇರ್ತಿತ್ತು, ಫಾಂಟನ್ನೂ ಒಂದೊಂದಕ್ಕೇ ಹಾಕಬೇಕಿತ್ತು. ಈಗ ಬೆಂಗಳೂರಿನ ಇನ್ಫೋಸಿಸ್ ಮಾಡಿದ ಫಿನಾಕಲ್‌ನಂಥ ಸಾಫ್ಟ್‌ವೇರ್ ಬ್ರೌಸರಿನಲ್ಲೇ ತೆರೆಯುತ್ತೆ. ಯೂನಿಕೋಡ್ ಕನ್ನಡವನ್ನು ಇಂದಿನ ಬ್ರೌಸರುಗಳು ಸಲೀಸಾಗಿ ತೋರಿಸುತ್ತವೆ. ಸರ್ವರಿನಲ್ಲಿ ಒಮ್ಮೆ ಸೇರಿಸಿದರೆ ಕಾಸರಗೋಡು, ತಾಳವಾಡಿ, ಅಕ್ಕಲಕೋಟೆಗೂ ತಲುಪುತ್ತೆ.

ಹಾಗಾದರೆ ತೊಡಕು ಎಲ್ಲಿ? ಪಾಸ್‌ಬುಕ್, ಫಾರಂಗಳು ಹಿಂದಿ, ಇಂಗ್ಲಿಷ್ ಜೊತೆ ಪ್ರಾದೇಶಿಕ ಭಾಷೆಯಲ್ಲೂ ಇರಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿದೆ. ಪ್ರಾದೇಶಿಕ ಅಂದ್ರೆ ರಾಜ್ಯಭಾಷೆ ಅಂತ ಅರ್ಥ ಮಾಡಿದಾಗ ನಾವು ಲೆಕ್ಕಕ್ಕೇ ಬರಲ್ಲ. ಭಾಷೆಯನ್ನು ಶಾಖೆಗಲ್ಲ, ಗ್ರಾಹಕರ ಖಾತೆಗೆ ಜೋಡಿಸಲಿ.

ಬಾಯಲ್ಲಿ ಕೇಳಿ ಸುಮ್ಮನಾಗೋದು ಬೇಡ. ಕನ್ನಡದಲ್ಲೇ ಅರ್ಜಿ ಬರೆದುಕೊಟ್ಟು, ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳೋಣ.